ಬಿದಿರು ಬಟ್ಟೆಯಾದ ಬಗೆ

ಕಳೆದ ಓಣಂ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಮನೆಗೆ ಬಂದನು. ಬೆಂಗಳೂರಿನಲ್ಲಿ ಉಡುಪುಗಳ ವಿನ್ಯಾಸ ಮಾಡುವ ಕಂಪೆನಿಯೊಂದರಲ್ಲಿ ಅವನಿಗೆ ಕೆಲಸ. ನಮಸ್ಕರಿಸಿ ಕಾಗದದ ಪೊಟ್ಟಣವೊಂದನ್ನು ಕೈಯಲ್ಲಿಟ್ಟನು. ಬಿಚ್ಚಿ ನೋಡಿದರೆ ಎಳೆಹಸಿರು ಬಣ್ಣದ ಅಂಗಿ. ಮುಟ್ಟಿದರೆ ಬೆರಳು ಜಾರುವಷ್ಟು ನಯ. ಕೊರಳಪಟ್ಟಿಗೆ ದಾರದಿಂದ ಕಟ್ಟಿದ ಚೀಟಿಯ ಮೇಲೆ ಬಿದಿರೆಲೆಯ ಚಿತ್ರವಿತ್ತು. ಇದು ಬಿದಿರಿನಿಂದ ತಯಾರಾದ ಬಟ್ಟೆ, ಪ್ರಕೃತಿಗೆ ಸ್ನೇಹಿ, ರೋಗಾಣುಗಳನ್ನು ತಾನೇ ತಡೆಯುವ ಗುಣವುಳ್ಳದ್ದು ಎಂದು ಅದರಲ್ಲಿ ಅಚ್ಚಾಗಿತ್ತು.

"ಸಾರ್, ವಯನಾಡಿನವರಿಗೆ ಬಿದಿರಿನ ಅಂಗಿಗಿಂತ ಒಪ್ಪುವ ಉಡುಗೊರೆ ಇನ್ನೇನಿದೆ?" ಎಂದು ಅವನು ನಕ್ಕನು. ನಮಗೂ ಸಂತೋಷವಾಯಿತು. ಅವನು ಹೋದ ಮೇಲೆ ಅಂಗಿಯನ್ನು ತಿರುಗಿಸಿ ನೋಡುತ್ತಿದ್ದಾಗ ಒಳಹೊಲಿಗೆಯಲ್ಲಿ ಉಗುರಿನಷ್ಟು ಅಗಲದ ಇನ್ನೊಂದು ಚೀಟಿ ಕಣ್ಣಿಗೆ ಬಿತ್ತು. ಕನ್ನಡಕವನ್ನು ಹಾಕಿಕೊಂಡು ಓದಿದೆವು: ವಿಸ್ಕೋಸ್ ನೂರಕ್ಕೆ 95, ಇಲಾಸ್ಟೇನ್ ನೂರಕ್ಕೆ 5. ಹೊರಗಿನ ದೊಡ್ಡ ಚೀಟಿಯಲ್ಲಿ ಬಿದಿರು, ಒಳಗಿನ ಸಣ್ಣ ಚೀಟಿಯಲ್ಲಿ ವಿಸ್ಕೋಸ್. ಎರಡರಲ್ಲಿ ಯಾವುದನ್ನು ನಂಬತಕ್ಕದ್ದು?

ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿರುವವರಿಗೆ ಸಂಶಯವೊಂದು ಬಂದರೆ ಅದನ್ನು ತರಗತಿಗೆ ಒಯ್ಯದೆ ಸಮಾಧಾನವಿರುವುದಿಲ್ಲ. ರಜೆ ಮುಗಿದ ಮೊದಲ ವಾರದಲ್ಲೇ ಏಳನೆಯ ತರಗತಿಯಲ್ಲಿ ಒಂದು ಚಿಕ್ಕ ಪ್ರಯೋಗವನ್ನು ಏರ್ಪಡಿಸಿದೆವು. ಶಿಕ್ಷಕರ ತರಬೇತಿಯ ಕಾಲದಲ್ಲಿ ನಾವೇ ಕಲಿತದ್ದು ಅದು. ಬೇಕಾದದ್ದು ಒಂದು ಹಣತೆ, ಒಂದು ಚಿಮುಟ, ಒಂದು ಬೋಗುಣಿ ನೀರು. ಹಣತೆಯ ಬತ್ತಿಯಿಂದ ಹತ್ತಿಯ ಎಳೆ, ಹರಿದ ಕೊಡೆಯಿಂದ ಪಾಲಿಯೆಸ್ಟರ್ ಎಳೆ, ನಮ್ಮ ಮನೆಯ ಹಳೆಯ ಕಂಬಳಿಯಿಂದ ಉಣ್ಣೆಯ ಎಳೆ, ಕೊನೆಗೆ ಹೊಸ ಅಂಗಿಯ ಅಂಚಿನಿಂದ ಒಂದು ಎಳೆ. ಹತ್ತಿಯು ಕಾಗದದಂತೆ ಉರಿದು ಹಗುರವಾದ ಬೂದಿಯಾಯಿತು. ಪಾಲಿಯೆಸ್ಟರ್ ಮುದುಡಿ, ಕರಗಿ, ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಉಣ್ಣೆಯಿಂದ ಕೂದಲು ಸುಟ್ಟ ವಾಸನೆ ಬಂದು ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಂಡರು. ಅಂಗಿಯ ಎಳೆಯು ಥೇಟು ಹತ್ತಿಯಂತೆಯೇ ಉರಿಯಿತು. (ಹಿರಿಯರು ಹತ್ತಿರವಿಲ್ಲದೆ ಮಕ್ಕಳು ಇದನ್ನು ಮಾಡಬಾರದೆಂದು ಓದುಗ ತಂದೆತಾಯಿಯರಲ್ಲಿ ಅರಿಕೆ.)

ಅಂಗಿಯನ್ನು ಮಕ್ಕಳ ಕೈಗೆ ಕೊಟ್ಟು, ಇದು ಬಿದಿರಿನದಂತೆ, ನೋಡಿರಿ ಎಂದೆವು. ಕಾಟ್ಟುನಾಯ್ಕ ಸಮುದಾಯದ ಹುಡುಗಿಯೊಬ್ಬಳು ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, ನಮ್ಮ ಕನ್ನಡಕ್ಕೆ ಬಹಳ ಹತ್ತಿರವಾದ ಅವಳ ಮನೆಮಾತಿನಲ್ಲಿ, ಇದು ಬಿದಿರಲ್ಲವೆಂದು ಖಂಡಿತವಾಗಿ ಹೇಳಿಬಿಟ್ಟಳು. ಕಾರಣವೇನೆಂದು ಕೇಳಿದೆವು. ಬಿದಿರಿನ ಹಾಳೆಯ ಸುಂಕು ತಾಗಿದರೆ ದಿನವೆಲ್ಲ ಮೈ ತುರಿಸುತ್ತದೆ, ಇದು ತುರಿಸುವುದೇ ಇಲ್ಲ ಎಂದಳು. ತರಗತಿ ನಕ್ಕಿತು. ನಾವು ನಗಲಿಲ್ಲ. ಅಷ್ಟು ಚುರುಕಾದ ಉತ್ತರವನ್ನು ರಸಾಯನಶಾಸ್ತ್ರದ ಪುಸ್ತಕವೂ ಕೊಡಲಾರದು.

ಆ ಹುಡುಗಿ ಹೇಳಿದ್ದು ಅಕ್ಷರಶಃ ಸತ್ಯ. ಅಂಗಿಯಲ್ಲಿ ಬಿದಿರಿನ ನಾರಿಲ್ಲ. ಬಿದಿರೂ ಮರವೂ ಹತ್ತಿಯೂ ಎಲ್ಲವೂ ಸೆಲ್ಯುಲೋಸ್ ಎಂಬ ಒಂದೇ ದ್ರವ್ಯವನ್ನು ಒಳಗೊಂಡಿವೆ. ಹತ್ತಿಯಲ್ಲಿ ಅದು ದೇವರು ಕೊಟ್ಟ ಎಳೆಯಾಗಿಯೇ ದೊರಕುತ್ತದೆ. ಬಿದಿರಿನಲ್ಲಾದರೋ ಅದು ಲಿಗ್ನಿನ್ ಎಂಬ ಅಂಟಿನೊಳಗೆ ಹುದುಗಿದೆ. ಬಿದಿರಿಗೆ ಆ ಗಡಸುತನ ಬಂದದ್ದೇ ಅದರಿಂದ. ಆದುದರಿಂದ ಬಿದಿರನ್ನು ಚೂರು ಮಾಡಿ, ದೊಡ್ಡ ಕಡಾಯಿಗಳಲ್ಲಿ ಕ್ಷಾರದೊಡನೆ ಒತ್ತಡದಲ್ಲಿ ಬೇಯಿಸಿ, ಅಂಟನ್ನು ಕರಗಿಸಿ ತೆಗೆದು, ಉಳಿದ ತಿರುಳನ್ನು ಬಿಳುಪು ಮಾಡಬೇಕು. ಹಾಕಿದ ತೂಕದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ತಿರುಳಾಗಿ ಉಳಿಯುತ್ತದೆ. ಮಿಕ್ಕದ್ದು ಕಪ್ಪು ದ್ರವ.

ಆ ತಿರುಳನ್ನು ಮತ್ತೆ ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಪುಡಿ ಮಾಡಿ, ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದೊಡನೆ ಬೆರೆಸಿದರೆ ಕಿತ್ತಳೆ ಬಣ್ಣದ ಮುದ್ದೆಯಾಗುತ್ತದೆ. ಇನ್ನಷ್ಟು ಕ್ಷಾರದಲ್ಲಿ ಕರಗಿಸಿದರೆ ಜೇನಿನಂಥ ಮಂದ ದ್ರವ. ಸ್ನಿಗ್ಧವೆಂಬರ್ಥದ ಪದದಿಂದಲೇ ವಿಸ್ಕೋಸ್ ಎಂಬ ಹೆಸರು ಬಂದಿದೆ. ಮುಂದಿನ ಹಂತವನ್ನು ನಮ್ಮ ಮನೆಗಳ ಹೆಂಗಸರು ಒಂದೇ ಮಾತಿನಲ್ಲಿ ಅರ್ಥಮಾಡಿಕೊಳ್ಳುವರು: ಶ್ಯಾವಿಗೆ ಒತ್ತುವುದು. ಕೂದಲಿಗಿಂತ ಸಣ್ಣ ರಂಧ್ರಗಳುಳ್ಳ ಬಿಲ್ಲೆಯ ಮೂಲಕ ಆ ದ್ರವವನ್ನು ಗಂಧಕಾಮ್ಲದ ತೊಟ್ಟಿಯೊಳಕ್ಕೆ ಒತ್ತಿದರೆ ಅದು ಆ ಕ್ಷಣವೇ ಎಳೆಯಾಗಿ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡ್ಲ್ ಎಂಬ ಮೂವರು 1892ರಲ್ಲಿ ಈ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಅದೇ ರೇಯಾನ್, ನಮ್ಮ ಅಜ್ಜಿಯಂದಿರ ಕಾಲದ 'ನಕಲಿ ರೇಷ್ಮೆ'.

ಹೀಗೆ ಹೊರಬಂದ ಎಳೆಯು ಬಿದಿರಿನಿಂದ ಬಂದದ್ದೋ ನೀಲಗಿರಿಯಿಂದ ಬಂದದ್ದೋ ಬಟ್ಟೆಯನ್ನು ಮುಟ್ಟಿ ಹೇಳಲಾಗದು. ಬಿದಿರಿನಲ್ಲಿದ್ದ ರೋಗಾಣುನಿರೋಧಕ ಗುಣವೇನಾದರೂ ಇದ್ದರೆ ಅದು ಕಡಾಯಿಯಲ್ಲಿಯೇ ಕೊನೆಗೊಂಡಿತು. 2009ರಲ್ಲಿ ಅಮೆರಿಕದ ವ್ಯಾಪಾರ ನಿಯಂತ್ರಣ ಆಯೋಗವು ರೇಯಾನನ್ನು ಬಿದಿರೆಂದು ಮಾರುತ್ತಿದ್ದ ಕೆಲವು ಕಂಪೆನಿಗಳ ಮೇಲೆ ಕ್ರಮ ಕೈಗೊಂಡದ್ದು ಈ ಕಾರಣದಿಂದಲೇ. ಬಿದಿರನ್ನು ಸೆಣಬಿನಂತೆ ಕೊಳೆಸಿ, ಬಡಿದು ನಾರು ತೆಗೆಯುವ ಕ್ರಮವೂ ಇಲ್ಲದಿಲ್ಲ. ಅದು ಒರಟು, ದುಬಾರಿ. ಅಂಗಡಿಯಲ್ಲಿ ಕಾಣುವುದು ಅಪೂರ್ವ.

ಇಷ್ಟನ್ನು ಕರಿಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದಾಗ ನಮ್ಮ ಕೈ ಒಮ್ಮೆ ತಡೆಯಿತು. ಬಿದಿರಿನಿಂದ ನಯವಾದ ಬಟ್ಟೆ ಮಾಡುವುದನ್ನು ಜಗತ್ತು ಹೊಸ ಸಂಗತಿಯೆಂದು ಸಾರುತ್ತಿದೆ. ವಯನಾಡಿನ ನಮಗೆ ಅದು ಹೊಸದಲ್ಲ. ನಾವು ಓದಿ ಮಾಸ್ತರರಾದದ್ದೇ ಆ ಬಿದಿರಿನ ದುಡ್ಡಿನಿಂದ.

ನಮ್ಮ ತಂದೆಯವರು ಬಿದಿರು ಕೂಪಿನ ಗುತ್ತಿಗೆದಾರರೊಬ್ಬರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದರು. ಕಾಡಿನೊಳಗೆ ಪಣಿಯರೂ ಕಾಟ್ಟುನಾಯ್ಕರೂ ಬಿದಿರು ಕಡಿದು ಕಟ್ಟು ಕಟ್ಟುವರು. ತಂದೆಯವರು ಮರದ ಕೆಳಗೆ ಡಬ್ಬಿಯ ಮೇಲೆ ಕುಳಿತು ಎಣಿಸಿ ಬರೆಯುವರು. ಲಾರಿಗಳು ತಾಮರಶ್ಶೇರಿ ಘಾಟಿಯಲ್ಲಿ ಇಳಿದು ಕೋಳಿಕ್ಕೋಡು ಜಿಲ್ಲೆಯ ಮಾವೂರಿಗೆ ಹೋಗುವವು. ಬಾಲ್ಯದಲ್ಲಿ ಆ ಲಾರಿಗಳನ್ನು ಎಷ್ಟು ನೋಡಿದ್ದೇವೋ ಲೆಕ್ಕವಿಲ್ಲ. ಹಿಂದೆ ಚಾಚಿದ ಬಿದಿರ ತುದಿಗಳು ತಿರುವುಗಳಲ್ಲಿ ರಸ್ತೆಯನ್ನು ಗುಡಿಸಿಕೊಂಡು ಹೋಗುತ್ತಿದ್ದವು. ಇದನ್ನೆಲ್ಲ ಒಯ್ದು ಏನು ಮಾಡುವರೆಂದು ಒಮ್ಮೆ ಕೇಳಿದ್ದೆವು. "ರೇಷ್ಮೆಯಂಥ ನೂಲು ತೆಗೆಯುತ್ತಾರಂತೆ" ಎಂದರು ತಂದೆಯವರು. ಅದನ್ನು ಅವರೂ ಕಂಡವರಲ್ಲ. ಅವರು ಹಬ್ಬಕ್ಕೆ ಉಡುತ್ತಿದ್ದುದು ಟೆರಿಲಿನ್ ಅಂಗಿ.

ಮಾವೂರಿನದು ಬಿರ್ಲಾ ಮನೆತನದ ಗ್ವಾಲಿಯರ್ ರೇಯಾನ್ಸ್ ಸಂಸ್ಥೆಯ ತಿರುಳಿನ ಕಾರ್ಖಾನೆ. ಕೇರಳದ ಮೊದಲ ಸರ್ಕಾರವು 1958ರಲ್ಲಿ ಅದರೊಡನೆ ಒಪ್ಪಂದ ಮಾಡಿಕೊಂಡು, ಮೊದಲು ನೀಲಂಬೂರಿನ ಕಾಡುಗಳ ಬಿದಿರನ್ನು ಟನ್ನಿಗೆ 1 ರೂಪಾಯಿಯಂತೆ ಕೊಡಲು ಒಪ್ಪಿತು. ಓದುಗರು ಇದನ್ನು ಅಚ್ಚಿನ ತಪ್ಪೆಂದು ತಿಳಿಯಬಾರದು. ಟನ್ನಿಗೆ ಒಂದೇ ರೂಪಾಯಿ. ಕೈಗಾರಿಕೆಯಿಲ್ಲದ ಹೊಸ ರಾಜ್ಯಕ್ಕೆ ಉದ್ಯೋಗ ಬೇಕಾಗಿತ್ತು, ಆ ಆತುರವನ್ನು ನಾವು ಹಳಿಯಲಾರೆವು. 1963ರಲ್ಲಿ ಉತ್ಪಾದನೆ ಆರಂಭವಾಯಿತು. ಇಲ್ಲಿಯ ತಿರುಳು ಮಧ್ಯಪ್ರದೇಶದ ನಾಗ್ದಾಕ್ಕೂ ಹೋಗಿ ಎಳೆಯಾಗುತ್ತಿತ್ತು. ಮುಂದೆ ಮಾವೂರಿನಲ್ಲಿಯೂ ಎಳೆ ತೆಗೆಯತೊಡಗಿದರು. ನೀಲಂಬೂರಿನ ಬಿದಿರು ಸಾಲದೆ ವಯನಾಡಿನ ಬಿದಿರೂ ಇಳಿಯಿತು. ಬಿದಿರು ತೆಳುವಾದಂತೆ ಅದರ ಜಾಗದಲ್ಲಿ ನೀಲಗಿರಿ ಮರದ ತೋಪುಗಳು ಎದ್ದವು.

ಬೇಯಿಸಿದ ಮೇಲೆ ಉಳಿಯುವ ಆ ಕಪ್ಪು ದ್ರವವು ಚಾಲಿಯಾರ್ ಹೊಳೆಯನ್ನು ಸೇರಿತು. ಚಾಲಿಯಾರ್ ನಮಗೆ ಪರಕೀಯವಲ್ಲ. ವಯನಾಡಿನ ಹೆಚ್ಚಿನ ನೀರು ಕಬಿನಿಯಾಗಿ ಕನ್ನಡ ನಾಡಿನತ್ತ ಪೂರ್ವಕ್ಕೆ ಹರಿದರೂ ದಕ್ಷಿಣದ ಅಂಚಿನ ಮೇಪ್ಪಾಡಿ ಭಾಗದ ತೊರೆಗಳು ಇಳಿಯುವುದು ಚಾಲಿಯಾರಿಗೇ. 2024ರ ಜುಲೈ 30ರ ಮುಂಜಾವದಲ್ಲಿ ಮುಂಡಕೈ ಮತ್ತು ಚೂರಲ್‌ಮಲೆಯಲ್ಲಿ ಬೆಟ್ಟ ಜರಿದಾಗ ನಮ್ಮವರ ದೇಹಗಳನ್ನು ಅದೇ ಹೊಳೆಯಲ್ಲಿ ಹುಡುಕಬೇಕಾಯಿತೆಂಬುದನ್ನು ಯಾರೂ ಮರೆತಿಲ್ಲ. ಆ ಹೊಳೆಯ ಕೆಳದಂಡೆಯ ಜನರು ಕಾರ್ಖಾನೆಯ ಕಾಲದಲ್ಲಿ ಮೀನು ಸತ್ತು ತೇಲುವುದನ್ನೂ ನೀರು ಕಪ್ಪಾಗುವುದನ್ನೂ ಕಂಡರು. ಚಿಮಣಿಯ ಗಂಧಕದ ನಾತದಲ್ಲಿ ಉಸಿರಾಡಿದರು. ವಾಳಕ್ಕಾಡು ಪಂಚಾಯತಿಯ ಅಧ್ಯಕ್ಷರಾಗಿದ್ದ ಕೆ. ಎ. ರಹ್ಮಾನ್ ಅವರು ದಶಕಗಳ ಕಾಲ ಈ ಹೋರಾಟವನ್ನು ಮುನ್ನಡೆಸಿದರು. ತಮ್ಮೂರಿನಲ್ಲಿ ಕ್ಯಾನ್ಸರ್‌ನಿಂದ ಸತ್ತವರ ಲೆಕ್ಕವನ್ನು ಮುಂದಿಟ್ಟು ವಾದಿಸಿದ ಆ ಮನುಷ್ಯರು 1999ರ ಜನವರಿಯಲ್ಲಿ ಅದೇ ರೋಗದಿಂದ ತೀರಿಕೊಂಡರು. 2001ರಲ್ಲಿ ಕಾರ್ಖಾನೆಯು ಶಾಶ್ವತವಾಗಿ ಮುಚ್ಚಿತು.

ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಅನ್ಯಾಯವಾದೀತು. 1985ರಲ್ಲಿ ಕಾರ್ಮಿಕ ವಿವಾದದಿಂದ ಕಾರ್ಖಾನೆ ನಿಂತು 1988ರ ತನಕ ತೆರೆಯಲೇ ಇಲ್ಲ. ಆ ವರ್ಷಗಳಲ್ಲಿ ಮಾವೂರಿನ ಕಾರ್ಮಿಕರ ಮನೆಗಳಲ್ಲಿ ಹಸಿವೂ ಆತ್ಮಹತ್ಯೆಯೂ ಹೊಕ್ಕವು. ನಮ್ಮ ತಂದೆಯವರ ಡಬ್ಬಿಯೂ ಲೆಕ್ಕದ ಪುಸ್ತಕವೂ ಮನೆಗೆ ಬಂದವು. ಹತ್ತನೆಯ ತರಗತಿ ಮುಗಿಸಿದ್ದ ನಮಗೆ, ಮುಂದೆ ಓದುವುದೋ ಕಾಫಿ ತೋಟದ ಕೂಲಿಗೆ ಹೋಗುವುದೋ ಎಂಬ ಪ್ರಶ್ನೆ. ತಾಯಿಯವರು ಬಿದಿರಿನ ಕಾಲದಲ್ಲಿ ಉಳಿಸಿಟ್ಟಿದ್ದ ಹಣದಿಂದ ಶಿಕ್ಷಕರ ತರಬೇತಿಯವರೆಗಿನ ಓದು ನಡೆಯಿತು. ಆದುದರಿಂದ ಕಾರ್ಖಾನೆಯನ್ನು ರಾಕ್ಷಸನೆಂದು ಬರೆಯಲು ನಮ್ಮ ಲೇಖನಿ ಏಳದು. ಚಾಲಿಯಾರಿನ ದಂಡೆಯಲ್ಲಿ ಹುಟ್ಟಿದ್ದರೆ ಬೇರೆ ರೀತಿ ಬರೆಯುತ್ತಿದ್ದೆವೇನೋ.

ಗಡಿಯ ಆಚೆಗಿನ ನಮ್ಮ ಬಂಧುಗಳಿಗೂ ಇದೇ ಕಥೆ ಬೇರೆ ಹೆಸರಿನಿಂದ ಬಂದಿತ್ತು. ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ಅದೇ ಮನೆತನದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಲ್ಲಿ ಆರಂಭವಾಯಿತು. ಪಾಲಿಫೈಬರ್ ಎಂಬ ಹೆಸರನ್ನು ಕೇಳಿ ಪ್ಲಾಸ್ಟಿಕ್ ಎಂದುಕೊಳ್ಳಬೇಡಿರಿ. ಅಲ್ಲಿ ಬೇಯುತ್ತಿದ್ದುದೂ ಮರವೇ. ಅಲ್ಲಿಯೂ ಹೊಳೆಯ ಮೀನು ಸತ್ತವು, ಅಲ್ಲಿಯೂ ಜನರು ಎದ್ದರು. ಕಾರ್ಖಾನೆಗೆ ನೀಲಗಿರಿ ಬೆಳೆಸಲು 1984ರಲ್ಲಿ ಸರ್ಕಾರವೂ ಕಂಪೆನಿಯೂ ಸೇರಿ ಒಂದು ಜಂಟಿ ಸಂಸ್ಥೆಯನ್ನು ಹುಟ್ಟುಹಾಕಿ ಊರ ದನಗಳು ಮೇಯುವ ಸಾಮೂಹಿಕ ಭೂಮಿಯನ್ನು ಅದಕ್ಕೆ ಒಪ್ಪಿಸಿದಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು ಜನೋಪಯೋಗಿ ಗಿಡಗಳನ್ನು ನೆಟ್ಟರು. ಅದೇ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ಅದರ ಹಿಂದೆ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವಿತ್ತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರಿದ್ದರು. ಕೊನೆಗೆ ಆ ಜಂಟಿ ಸಂಸ್ಥೆಯನ್ನು ಮುಚ್ಚಬೇಕಾಯಿತು.

ಬಿದಿರಿನ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆವು, ಅದು ಬಟ್ಟೆಯದಲ್ಲ, ಕಾಗದದ ಕಥೆಯಾದರೂ ಸರಿಯೆ. ಉತ್ತರ ಕನ್ನಡದ ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ದೊರೆಯುತ್ತಿದ್ದ ಕಾಲದಲ್ಲಿ ಬುಟ್ಟಿ ಹೆಣೆಯುವ ಮೇದಾರರಿಗೆ ಬಿದಿರೇ ಸಿಗದಾಯಿತು. ಅವರ ದೂರಿನ ಮೇಲೆ 1975ರಲ್ಲಿ ಕರ್ನಾಟಕ ಸರ್ಕಾರವು ವಿಜ್ಞಾನಿ ಮಾಧವ ಗಾಡ್ಗೀಳರಿಂದ ಅಧ್ಯಯನ ಮಾಡಿಸಿತು. ಗಾಡ್ಗೀಳರು ಕಂಡದ್ದೇನು? ಬಿದಿರ ಮೆಳೆಯ ಬುಡದಲ್ಲಿ ದಟ್ಟವಾಗಿ ಹೆಣೆದುಕೊಂಡ ಮುಳ್ಳನ್ನು, ಮೆಳೆಗೆ ಉಸಿರಾಡಲು ಅನುಕೂಲವಾಗಲೆಂದು ಕಾರ್ಖಾನೆಯವರು ಸವರಿ ತೆಗೆಯುತ್ತಿದ್ದರು. ಬುಡ ಬಯಲಾದ ಕೂಡಲೇ ಎಳೆಯ ಕಳಲೆಯನ್ನು ದನಗಳೂ ಮುಳ್ಳುಹಂದಿಗಳೂ ಮುಸುವಗಳೂ ತಿಂದುಬಿಡುತ್ತಿದ್ದವು. ಆ ಮುಳ್ಳು ಬೇಲಿಯೆಂಬುದು ಊರಿನ ಜನಕ್ಕೆ ಮೊದಲೇ ತಿಳಿದಿತ್ತು. ಯಾರೂ ಅವರನ್ನು ಕೇಳಿರಲಿಲ್ಲ. ಬಿದಿರಿನ ಸುಂಕನ್ನು ಬಲ್ಲ ನಮ್ಮ ತರಗತಿಯ ಹುಡುಗಿಯನ್ನು ನೋಡುವಾಗಲೆಲ್ಲ ನಮಗೆ ಈ ವರದಿಯ ನೆನಪಾಗುತ್ತದೆ.

ಹಾಗಾದರೆ ನಮ್ಮ ಹಸಿರು ಅಂಗಿ ಕೆಟ್ಟದ್ದೆ? ಹಾಗೆಂದು ಹೇಳಲಾರೆವು. 2023ರಲ್ಲಿ ಜಗತ್ತಿನಲ್ಲಿ ತಯಾರಾದ ಸುಮಾರು 12.4 ಕೋಟಿ ಟನ್ ಎಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್. ಅಂದರೆ ಕಲ್ಲೆಣ್ಣೆಯಿಂದ ಬಂದದ್ದು. ಅದು ಮಣ್ಣಿನಲ್ಲಿ ಕೊಳೆಯದು, ಒಗೆದಾಗಲೆಲ್ಲ ಕಣ್ಣಿಗೆ ಕಾಣದ ನವಿರು ತುಂಡುಗಳನ್ನು ನೀರಿಗೆ ಬಿಡುವುದು. ನೀರಿನ ಬಾಟಲಿಗಳನ್ನು ಕರಗಿಸಿ ಮಾಡಿದ ಪಾಲಿಯೆಸ್ಟರ್ ಅಂಗಿಗಳಿಗೂ ಹಸಿರು ಚೀಟಿ ಕಟ್ಟುತ್ತಾರೆ. ಬಾಟಲಿಯನ್ನು ಮತ್ತೆ ಬಾಟಲಿಯನ್ನಾಗಿಸಬಹುದಿತ್ತು. ಅಂಗಿಯಾದ ಮೇಲೆ ಅದು ಹೆಚ್ಚಾಗಿ ಕಸಕ್ಕೇ ಹೋಗುತ್ತದೆಂಬುದು ಚೀಟಿಯಲ್ಲಿರುವುದಿಲ್ಲ. ವಿಸ್ಕೋಸ್ ಕೊನೆಗಾದರೂ ಮಣ್ಣಾಗುತ್ತದೆ. ಅದರ ಪಾಪವಿರುವುದು ಹುಟ್ಟಿನಲ್ಲಿ. ಕಾರ್ಬನ್ ಡೈಸಲ್ಫೈಡಿನ ಆವಿಯು ಕಾರ್ಮಿಕರ ನರಗಳನ್ನೂ ಮನಸ್ಸನ್ನೂ ಕೆಡಿಸುವುದೆಂದು ಬಹಳ ಹಿಂದಿನಿಂದ ತಿಳಿದಿದೆ. ಈಗಿನ ಒಳ್ಳೆಯ ಕಾರ್ಖಾನೆಗಳು ಆ ಆವಿಯನ್ನು ಹಿಡಿದು ಮರಳಿ ಬಳಸುತ್ತವೆ; ಎಲ್ಲವೂ ಹಾಗೆ ಮಾಡುವುದಿಲ್ಲ. 1990ರ ದಶಕದಿಂದ ಮಾರುಕಟ್ಟೆಯಲ್ಲಿರುವ ಲಯೋಸೆಲ್ ಎಂಬ ಇನ್ನೊಂದು ವಿಧಾನದಲ್ಲಿ ಈ ವಿಷವೇ ಬೇಡ. ತಿರುಳನ್ನು ಬೇರೊಂದು ದ್ರಾವಕದಲ್ಲಿ ನೇರವಾಗಿ ಕರಗಿಸಿ ಎಳೆ ತೆಗೆದು, ಆ ದ್ರಾವಕದ ನೂರಕ್ಕೆ 99ರಷ್ಟನ್ನು ಮತ್ತೆ ಮತ್ತೆ ಬಳಸುತ್ತಾರೆ. ಅಂಗಡಿಗೆ ಹೋದಾಗ ಒಳಚೀಟಿಯಲ್ಲಿ ಲಯೋಸೆಲ್ ಎಂದಿದೆಯೋ ವಿಸ್ಕೋಸ್ ಎಂದಿದೆಯೋ ನೋಡಿಕೊಳ್ಳುವುದು ಕಷ್ಟವೇನಲ್ಲ, ಕನ್ನಡಕವೊಂದಿದ್ದರೆ. ಆ ಮರ ಯಾರ ಕಾಡಿನದು, ಕಡಿದವನಿಗೆ ಎಷ್ಟು ಸಿಕ್ಕಿತು ಎಂಬುದಕ್ಕೆ ಮಾತ್ರ ಯಾವ ಚೀಟಿಯೂ ಇಲ್ಲ.

ಮತ್ತೊಂದು ಸಂಗತಿಯನ್ನು ವಯನಾಡಿನ ಮಳೆಗಾಲವನ್ನು ಕಂಡವರು ಒಪ್ಪುವರು: ಇಲ್ಲಿ ಎಲ್ಲ ಕಾಲಕ್ಕೂ ಒಂದೇ ಬಟ್ಟೆ ಸಲ್ಲದು. ಹತ್ತಿಯು ಗಾಳಿಯ ತೇವವನ್ನೇ ತನ್ನ ತೂಕದ ನೂರಕ್ಕೆ ಸುಮಾರು 8ರಷ್ಟು ಹೀರಿಕೊಳ್ಳುತ್ತದೆ, ವಿಸ್ಕೋಸ್ ಅದಕ್ಕಿಂತ ಹೆಚ್ಚು. ಪಾಲಿಯೆಸ್ಟರ್ ಹೀರುವುದು ನೂರಕ್ಕೆ ಅರ್ಧಕ್ಕೂ ಕಡಿಮೆ. 2017ರಿಂದ ಕೇರಳದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆ ಕೈಮಗ್ಗದ ಬಟ್ಟೆಯ ಸಮವಸ್ತ್ರವನ್ನು ಕೊಡುವ ಒಳ್ಳೆಯ ಯೋಜನೆ ಬಂದಿದೆ. ನೇಕಾರರಿಗೆ ಕೂಲಿ, ಮಕ್ಕಳಿಗೆ ಬಟ್ಟೆ. ಹಂಚುವಾಗ ನಮಗೆ ಹೆಮ್ಮೆ. ಆದರೆ ಜುಲೈ ತಿಂಗಳಲ್ಲಿ ಬೈರಕುಪ್ಪೆಯ ಎದುರುದಂಡೆಯ ಕಡೆಯಿಂದ ನೆನೆದು ಬರುವ ತಾಯಂದಿರು, "ಮಾಸ್ತರೇ, ಮೂರು ದಿನವಾದರೂ ಒಣಗುವುದಿಲ್ಲ, ಒಲೆಯ ಮೇಲೆ ಹಾಕಿ ಹೊಗೆ ವಾಸನೆ" ಎನ್ನುವಾಗ ಅವರ ಮಾತೂ ಸರಿಯೆನಿಸುತ್ತದೆ.

ಮಳೆಯನ್ನು ತಡೆಯುವ ಬಟ್ಟೆಯೆಂದರೆ ನಮ್ಮ ಹಿರಿಯರಿಗೆ ಕಂಬಳಿಕೊಪ್ಪೆ. ಬಯಲುಸೀಮೆಯ ಕುರಿಯ ಉಣ್ಣೆಯಲ್ಲಿ ಸಹಜವಾದ ಜಿಡ್ಡಿದೆ. ಚಳ್ಳಕೆರೆಯ ಕಡೆಯ ನೇಕಾರರು ಹಾಸುನೂಲಿಗೆ ಹುಣಸೆಬೀಜದ ಗಂಜಿಯನ್ನು ತಿಕ್ಕಿ ನೇಯುವರು. ಗದ್ದೆಯಲ್ಲಿ ಬಾಗಿ ನಿಂತವನ ಬೆನ್ನ ಮೇಲಿನಿಂದ ನೀರು ಜಾರುವುದು, ಒಳಗೆ ಬೆಚ್ಚಗಿರುವುದು, ಬೆವರು ಹೊರಗೆ ಹೋಗುವುದು. ಅಮೆರಿಕದಲ್ಲಿ ಬಾಬ್ ಗೋರ್ ಎಂಬವರು 1969ರಲ್ಲಿ ಟೆಫ್ಲಾನನ್ನು ಫಕ್ಕನೆ ಎಳೆದು, ನೀರಹನಿ ನುಗ್ಗದ, ಆದರೆ ಆವಿ ನುಸುಳಬಲ್ಲ ಸೂಕ್ಷ್ಮ ರಂಧ್ರಗಳ ಪೊರೆಯನ್ನು ಕಂಡುಹಿಡಿದರು. ಅದ್ಭುತವೇ ಸರಿ, ಕಂಬಳಿಯ ಹತ್ತನೆಯ ಒಂದು ಭಾಗದಷ್ಟೂ ತೂಕವಿಲ್ಲ. ಆದರೆ ನೀರು ಜಾರಿಸಲು ಅಂಥ ಬಟ್ಟೆಗಳಿಗೆ ಬಳಿಯುತ್ತ ಬಂದ ಫ್ಲೋರಿನ್ ಸಂಯುಕ್ತಗಳು ಮಣ್ಣು ನೀರುಗಳಲ್ಲಿ ಅಳಿಯುವುದೇ ಇಲ್ಲವೆಂದು ತಿಳಿದ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2025ರ ಜನವರಿಯಿಂದಲೂ ಫ್ರಾನ್ಸ್ ದೇಶವು 2026ರ ಜನವರಿಯಿಂದಲೂ ಉಡುಪುಗಳಲ್ಲಿ ಅವನ್ನು ನಿಷೇಧಿಸಿವೆ. ನಮ್ಮ ಅಂಗಡಿಗಳಿಗೆ ಬರುವುದು ಅಷ್ಟು ಮೇಲ್ಮಟ್ಟದ ಸರಕೂ ಅಲ್ಲ. ಒಮ್ಮೆ ಶಿಕ್ಷಕ ರಕ್ಷಕ ಸಂಘದ ಹಣದಿಂದ ಐದು ವರ್ಷ ಬಾಳುವವೆಂಬ ಅಂಗಡಿಯವರ ಮಾತನ್ನು ನಂಬಿ ಮಳೆಯಂಗಿಗಳನ್ನು ತರಿಸಿದೆವು. ಎರಡನೆಯ ಮಳೆಗಾಲಕ್ಕೆ ಅವುಗಳ ಒಳಪದರವು ಹಪ್ಪಳದಂತೆ ಎದ್ದು ಮಕ್ಕಳ ತಲೆಗೂದಲಿಗೆ ಅಂಟಿತು. ಬೆಚ್ಚಗಿನ ತೇವದಲ್ಲಿ ಪಾಲಿಯುರೆಥೇನ್ ಲೇಪ ಕಳಚಿಕೊಳ್ಳುವುದು ಸಹಜವೆಂದು ಆಮೇಲೆ ಓದಿ ತಿಳಿದೆವು. ಸಂಘದ ಸಭೆಯಲ್ಲಿ ಉತ್ತರ ಹೇಳಬೇಕಾದವರು ನಾವೇ.

ಗಿಡಮರಗಳಿಂದ ಬಟ್ಟೆಗೆ ಬರುವ ಒಳ್ಳೆಯದನ್ನು ಹಿಂಸೆಯಿಲ್ಲದೆ ತೆಗೆದುಕೊಳ್ಳುವ ದಾರಿ ಇಲ್ಲವೆ? ಸಾಗರ ತಾಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರು ಕಟ್ಟಿದ 'ಚರಕ' ಸಂಸ್ಥೆಯ ಹೆಣ್ಣುಮಕ್ಕಳು ಕೈಮಗ್ಗದ ಹತ್ತಿ ಬಟ್ಟೆಗೆ ಅಡಿಕೆಯ ಚೊಗರು, ದಾಳಿಂಬೆ ಸಿಪ್ಪೆ, ನೀಲಿಗಳಿಂದ ಬಣ್ಣ ಕಟ್ಟುವರು. ಅಳಿವಿನಂಚಿಗೆ ಬಂದಿದ್ದ ಉಡುಪಿ ಸೀರೆಗೂ ಇತ್ತೀಚೆಗೆ ಚೊಗರಿನ ಬಣ್ಣ ಕಟ್ಟಿ ನೇಯುತ್ತಿದ್ದಾರೆ. ಅಡಿಕೆ ಬೇಯಿಸುವ ನಮ್ಮ ಮನೆಗಳಲ್ಲಿ ಚೊಗರು ಎಷ್ಟು ಹರಿದುಹೋಗುತ್ತದೆಂಬುದನ್ನು ಬಲ್ಲವರಿಗೆ ಇದು ಕುತೂಹಲದ ಸುದ್ದಿ. ಅಷ್ಟಾಗಿಯೂ 2020ರಲ್ಲಿ ಮಾರಾಟವಿಲ್ಲದೆ ಚರಕವು ದಿವಾಳಿಯೆಂದು ಘೋಷಿಸಿಕೊಳ್ಳಬೇಕಾದ ಸ್ಥಿತಿ ಬಂತು. ಹಸಿರು ಚೀಟಿಯ ಅಂಗಿಗೆ ಎರಡು ಸಾವಿರ ಕೊಡುವವರೇ ಕೈಮಗ್ಗದ ಅಂಗಿಗೆ ಎಂಟುನೂರು ಹೆಚ್ಚಾಯಿತೆನ್ನುವುದನ್ನು ನಾವೂ ಕೇಳಿದ್ದೇವೆ.

ವಯನಾಡಿನ ಬಿದಿರು ಈಗ ಹೇಗಿದೆಯೆಂದು ದೂರದ ಬಂಧುಗಳು ಕೇಳಬಹುದು. 2010ರ ಆಸುಪಾಸಿನ ವರ್ಷಗಳಲ್ಲಿ ಮೆಳೆಗಳೆಲ್ಲ ಒಟ್ಟಿಗೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ ಒಣಗಿದವು. ಹೊಸ ಮೊಳಕೆ ಬಂದಿದೆ. ಆದರೆ ಅಭಯಾರಣ್ಯಕ್ಕೆ ಮಂಜಕ್ಕೊನ್ನ ಎಂಬ ಹಳದಿ ಹೂವಿನ ಪರದೇಶದ ಮರ ನುಗ್ಗಿ ಅದನ್ನು ಮುಚ್ಚುತ್ತಿದೆ. ಆ ಮರವನ್ನು ಕಡಿದು ವೆಳ್ಳೂರಿನ ಸರ್ಕಾರಿ ಕಾಗದ ಕಾರ್ಖಾನೆಗೆ ತಿರುಳಿಗಾಗಿ ಕೊಡುವ ಏರ್ಪಾಡಾಗಿದೆ. ಮತ್ತೆ ಲಾರಿ, ಮತ್ತೆ ತಿರುಳು, ಈ ಸಲ ಬಿದಿರಿನ ಪರವಾಗಿ! ತೃಕೈಪೆಟ್ಟದಲ್ಲಿ 'ಉರವು' ಎಂಬ ಸಂಸ್ಥೆ 1996ರಿಂದ ಹಳ್ಳಿಯ ಹೆಂಗಸರಿಗೆ ಬಿದಿರಿನ ಕಸಬನ್ನು ಕಲಿಸುತ್ತಿದೆ. ಅಲ್ಲಿ ಬಿದಿರು ದೀಪದ ಬುರುಡೆಯಾದರೂ ಬುಟ್ಟಿಯಾದರೂ ನೋಡಿದವರಿಗೆ ಬಿದಿರೆಂದೇ ಗೊತ್ತಾಗುತ್ತದೆ.

ಮೊನ್ನೆ ಭಾನುವಾರ ಆ ಅಂಗಿಯನ್ನು ತಂದೆಯವರಿಗೆ ತೋರಿಸಿದೆವು. ಅವರಿಗೀಗ ಎಂಬತ್ತಾರು, ಕಣ್ಣು ಮಂದ, ಕೈ ಚುರುಕು. ನಾವು ಏನೂ ಹೇಳದೆ ಬಟ್ಟೆಯನ್ನು ಮಡಿಲಲ್ಲಿಟ್ಟೆವು. ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡಿದರು. ರೇಷ್ಮೆಯೇ ಎಂದು ಕೇಳಿದರು. ಬಿದಿರು ಎಂದೆವು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಾವೂರಿನದೋ?" ಎಂದರು. ಮಾವೂರಿನದು ಮುಚ್ಚಿ ಇಪ್ಪತ್ತು ವರ್ಷಗಳ ಮೇಲಾಯಿತಲ್ಲ ಎಂದು ನೆನಪಿಸಿದೆವು. ಗೊತ್ತಿದೆ ಎಂಬಂತೆ ತಲೆಯಾಡಿಸಿ, ತೊಟ್ಟಿದ್ದ ಅಂಗಿಯ ಗುಂಡಿಗಳನ್ನು ಬಿಚ್ಚತೊಡಗಿದರು. ಹೊಸದನ್ನು ನಾವೇ ತೊಡಿಸಿದೆವು. ಭುಜದಲ್ಲಿ ಸ್ವಲ್ಪ ಅಗಲ. ತಂಪಾಗಿದೆಯೆಂದರು. ಬೆಲೆ ಕೇಳಿದಾಗ ಅರ್ಧ ಮಾತ್ರ ಹೇಳಿದೆವು. ಅದಕ್ಕೂ ಅವರು ಬೆರಳು ಮಡಿಸಿ ಏನನ್ನೋ ಲೆಕ್ಕ ಹಾಕಿದರು. ಅಂಗಿ ಈಗ ಅವರ ಬಳಿಯಲ್ಲೇ ಇದೆ.